ಇವತ್ತು ನಿನ್ನ ಯಾರು ತಿದ್ದುದ್ರು?

ಫೋನು ಎತ್ತಿದರೆ ಅವರು ಹಲೋ ಅನ್ನುತ್ತಿರಲಿಲ್ಲ. ಚೆನ್ನಾಗಿದ್ದೀಯಾ, ಊಟ ಆಯಿತಾ ಎಂಬ ಮಾತೂ ಇಲ್ಲ. "ಇವತ್ತು ನಿನ್ನ ಯಾರು ತಿದ್ದುದ್ರು?" ಎಂದೇ ಶುರು. ಪಕ್ಕದಲ್ಲಿದ್ದವರಿಗೆ ಬೈಗುಳದ ಹಾಗೆ ಕೇಳಿಸಬೇಕು, ಅಂಥ ದನಿ. ಅವರ ಕೈಯಲ್ಲಿ ತರಬೇತಿಯಾದ ಶಿಕ್ಷಕರಿಗೆಲ್ಲ, ತಮಿಳುನಾಡಿನ ನಮ್ಮ ಧರ್ಮಪುರಿ ಕಡೆಯ ಪಾಪಿರೆಡ್ಡಿಪಟ್ಟಿಯವರಿರಲಿ ನೇಪಾಳದವರಿರಲಿ, ಇದೊಂದೇ ಕುಶಲಪ್ರಶ್ನೆ. ಕ್ಲಾಸಿನಲ್ಲಿ ಇವತ್ತು ಯಾವ ಮಗು ನಿನ್ನ ತಪ್ಪು ತಿದ್ದಿತು, ಹೇಳು. ಯಾರೂ ಇಲ್ಲ ಎಂದರೆ, "ಆಂಗಾದ್ರೆ ಇವತ್ತು ನೀನು ಪಾಟ ಮಾಡಿಲ್ಲ, ಭಾಷಣ ಮಾಡಿದ್ದೀಯ. ಓಗಿ ಮನಿಕ್ಕೋ" ಎಂದು ಫೋನು ಇಟ್ಟುಬಿಡುತ್ತಿದ್ದರು.

ಕೇಳುವವರು ಈಗಿಲ್ಲ. ಹೆಸರು ಹಾಕಿ ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು, ಆದ್ದರಿಂದ ಹೆಸರು ಬೇಡ. ನಾವೆಲ್ಲ ಅಕ್ಕ ಅನ್ನುತ್ತಿದ್ದೆವು, ಇಲ್ಲೂ ಅಕ್ಕ ಎಂದೇ ಇರಲಿ.

ಕೊನೆಯ ಸಲ ಫೋನು ಮಾಡಿದವಳು ನಾನು. ನಾನು ಪಾಠ ಮಾಡುವ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿಗೆ ಒಡಿಶಾದ ಒಂದು ಹುಡುಗಿ ಸೇರಿದ್ದಳು. ಅಪ್ಪ ಅಮ್ಮ ಇಬ್ಬರೂ ಮರಗೆಣಸಿನಿಂದ ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಾಡುವ ಕಾರ್ಖಾನೆಯಲ್ಲಿ ಕೂಲಿ, ಅಲ್ಲಿಯ ಶೆಡ್ಡಿನಲ್ಲೇ ವಾಸ. ಹುಡುಗಿ ಬಂದಂದಿನಿಂದ ಒಂದು ಮಾತೂ ಆಡಿರಲಿಲ್ಲ. ಹೆಡ್‌ಮಾಸ್ಟರು "ಅದುಕ್ಕು ಪೇಚ್ಚೇ ವರಾದು ಟೀಚರ್" ಎಂದು ತಮಿಳಿನಲ್ಲಿ ತೀರ್ಪು ಕೊಟ್ಟಾಗಿತ್ತು, ಅದಕ್ಕೆ ಮಾತೇ ಬರುವುದಿಲ್ಲ ಎಂದು. ಅವಳ ಅಪ್ಪ, ಪೊಂಗಲ್ ಆದ ಮೇಲೆ ಕಳಿಸುವುದಿಲ್ಲ, ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಂಡಿರಲಿ ಎಂದು ಮೇಸ್ತ್ರಿಯ ಮೂಲಕ ಹೇಳಿಸಿದ್ದ. ಒಂದು ಸಲ ಶೆಡ್ಡಿನಲ್ಲಿ ಕೂತ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಅದು ನನಗೆ ಗೊತ್ತು, ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತು.

"ಸೋಮವಾರ ನಾನೇ ಬತ್ತೀನಿ. ನೋಡಾನ ಕೂಸ್ನ" ಎಂದರು.

ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತವರು ಹಾಗೇ ಒರಗಿಕೊಂಡರಂತೆ. ಸೋಮವಾರ ಬಂತು, ಅಕ್ಕ ಬರಲಿಲ್ಲ.

ಒಂದು ಕಾಲದಲ್ಲಿ ಆ ಮೂಲೆಯ ಕೂಸು ನಾನೇ ಆಗಿದ್ದೆ. ಪಾಪಿರೆಡ್ಡಿಪಟ್ಟಿ ಕಡೆಯ ನಮ್ಮೂರಲ್ಲಿ ನಮ್ಮದು ಕನ್ನಡದ ಕೇರಿ. ಕನ್ನಡ ಎಂದರೆ ಒಲೆ ಮುಂದಿನ, ಹೊಲದ ಬದುವಿನ ಕನ್ನಡ. ಅದಕ್ಕೂ ಅಕ್ಷರವಿದೆ ಎಂದು ನಮಗ್ಯಾರಿಗೂ ತಿಳಿದಿರಲಿಲ್ಲ. ಶಾಲೆ ತಮಿಳು, ಸಂತೆ ತಮಿಳು, ಬಸ್ಸು ತಮಿಳು. ಅಜ್ಜಿಯ ಸೆರಗಿನಲ್ಲಿ ಬೆಳೆದ ನನಗೆ ತಮಿಳು ಇರಲಿಲ್ಲ. ಮನೆಯಲ್ಲಿ ಬಾಯಿ ಮುಚ್ಚದವಳು ಕ್ಲಾಸಿನಲ್ಲಿ ಕಲ್ಲು. ಹಳೆಯ ಟೀಚರು ಅವ್ವನನ್ನು ಕರೆಸಿ, ಇವಳಿಗೆ ಓದು ಹತ್ತುವುದಿಲ್ಲ ಎಂದರು. ಅವ್ವ ಗೆಣಸಿನ ಸಿಪ್ಪೆ ಹೆರೆಯಲು ಕಾರ್ಖಾನೆಗೆ ಹೋಗುತ್ತಿದ್ದಳು. ಸರಿ, ನನ್ನ ಜೊತೆ ಬರಲಿ, ಕೈ ಬಲಿತ ಮೇಲೆ ಕತ್ತಿ ಹಿಡಿಯಲಿ ಎಂದುಕೊಂಡಳು.

ನಮ್ಮ ಕಡೆ ದೊಡ್ಡವರು ಮಕ್ಕಳಿಗೆ ಒಂದು ಉಪಾಯ ಹೇಳಿಕೊಡುತ್ತಾರೆ. ತಮಿಳಿನ ಪಾಲು ಕನ್ನಡದಲ್ಲಿ ಹಾಲು, ಪೂವು ಹೂವು, ಪುಲಿ ಹುಲಿ, ಪತ್ತು ಹತ್ತು. ಆದರೆ ನಮ್ಮ ನಾಲಗೆಗೆ ಹಕಾರ ಆಗಿಬರುವುದಿಲ್ಲ. ನಮಗೆ ಅದು ಆಲು, ಊವು, ಉಲಿ, ಅತ್ತು. ಹಾಗಾಗಿ ಅಜ್ಜಿಯ ವ್ಯಾಕರಣ ಸಲೀಸಾಗಿತ್ತು: "ಪ ಉಗುದ್ಬುಡು, ನಮ್ ಮಾತು ಬತ್ತದೆ."

ಶಾಲೆಗೆ ತಮಿಳಿನಲ್ಲಿ ಪಳ್ಳಿ ಎನ್ನುತ್ತಾರೆ. ನಾನು ಅಜ್ಜಿಯ ಮಾತಿನಂತೆ ಪ ಉಗುಳಿದೆ. ಒಂದು ಸಂಜೆ ನೆಲದ ಮೇಲೆ ಹೊರಳಾಡಿಕೊಂಡು, "ನಾಳೆಯಿಂದ ನಾನು ಅಳ್ಳಿಗೆ ಓಗಲ್ಲ, ಅಳ್ಳಿಗೆ ಓಗಲ್ಲ" ಎಂದು ಅತ್ತೆ.

ಅವ್ವ ಕಕ್ಕಾಬಿಕ್ಕಿ. "ಅಳ್ಳೀಲೇ ಇದ್ದೀಯಲ್ಲೇ, ಇನ್ಯಾವ ಅಳ್ಳಿಗೆ ಓಗದು? ಗಾಳಿ ಗೀಳಿ ಮೆಟ್ಟಿಕ್ಯಂತಾ ಇವ್ಳನ್ನ!"

ಬಾಗಿಲಲ್ಲಿ ಯಾರೋ ಗೊಳ್ಳೆಂದು ನಕ್ಕರು. ಅದೇ ವರ್ಷ ನಮ್ಮೂರಿಗೆ ಕೆಲಸಕ್ಕೆ ಬಂದಿದ್ದ ಹೊಸ ಟೀಚರು. ನಾನು ಯಾಕೆ ಶಾಲೆ ತಪ್ಪಿಸುತ್ತಿದ್ದೇನೆ ಎಂದು ಕೇಳಲು ಬಂದವರು, ನಕ್ಕು ನಕ್ಕು ಜಗಲಿ ಮೇಲೆ ಕೂತುಬಿಟ್ಟರು. ಆಮೇಲೆ ನಗು ನಿಂತಿತು. ಒಳಗೆ ಬಂದು, ಸೀರೆ ಸಗಣಿ ನೆಲಕ್ಕೆ ತಾಗುತ್ತದೆ ಎಂಬುದನ್ನೂ ನೋಡದೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಯಾಕವ್ವ, ಯಾಕ್ ಓಗಲ್ಲ ಅಳ್ಳಿಗೆ?" ಎಂದು ಕೇಳಿದರು.

ಕನ್ನಡ! ಅದಿಯಮಾನ್‌ಕೋಟೆ ಕಡೆಯ ಕನ್ನಡದ ಮನೆಯವರು ಅವರು ಎಂದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಳ್ಳಿಯಿಂದ ಬಂದ ಬಾಯಲ್ಲಿ ನಮ್ಮ ಮಾತು ಕೇಳಿ ನನಗೆ ಅಳುವುದೇ ಮರೆತುಹೋಯಿತು. ಹೊರಗೆ ಕೂಗು ಕೇಳಿಸಿತು. "ನೋಡು, ಕೋಳಿ ನಿನ್ನೇ ಕೂಗ್ತೈತೆ" ಎಂದರು ಟೀಚರು.

"ಕೋಳಿ ಅಲ್ಲ, ಉಂಜ" ಎಂದೆ. "ಕೋಳಿ ಮೊಟ್ಟೆ ಇಕ್ತದೆ. ಉಂಜ ಕೂಗ್ತದೆ."

ಅವರು ತೊಡೆ ತಟ್ಟಿಕೊಂಡರು. "ಅಬ್ಬಬ್ಬ! ನನ್ನೇ ತಿದ್ದುಬುಟ್ಲು ಕಣಕ್ಕ ನಿನ್ ಮಗಳು!" ಎಂದು ಅವ್ವನಿಗೆ ಹೇಳಿದರು. ಮಾರನೆಯ ದಿನ ನಾನು ಎಲ್ಲರಿಗಿಂತ ಮುಂಚೆ ಶಾಲೆಯಲ್ಲಿದ್ದೆ. ಟೀಚರನ್ನೇ ತಿದ್ದಿದವಳು ಹೋಗದೆ ಇದ್ದರೆ ಶಾಲೆ ನಡೆಯುವುದು ಹೇಗೆ?

ಆ ಟೀಚರೇ ಅಕ್ಕ. ಅವರ ಬದುಕು ಆಮೇಲೆ ದೊಡ್ಡದಾಯಿತು. ಬೇಸಿಗೆ ರಜೆಯಲ್ಲಿ ಕಾರ್ಖಾನೆ, ಇಟ್ಟಿಗೆ ಗೂಡು ಅಲೆದು ಓದು ಬಿಟ್ಟ ಹುಡುಗಿಯರನ್ನು ಹಿಡಿದು ತಂದರು. ಜಿಲ್ಲೆಯ ಶಿಕ್ಷಕರಿಗೆ ತರಬೇತಿ ಕೊಟ್ಟರು. ಆಮೇಲೆ ಹೊರದೇಶದ ಒಂದು ಸಂಸ್ಥೆ ಕರೆಯಿತು. ನೇಪಾಳದ ಗುಡ್ಡಗಳು, ಪೂರ್ವ ಆಫ್ರಿಕಾ, ಕಾಂಬೋಡಿಯಾ, ಮನೆಯ ಮಾತು ಒಂದು ಶಾಲೆಯ ಮಾತು ಇನ್ನೊಂದು ಆಗಿರುವ ಊರುಗಳೆಲ್ಲ ಅವರ ಊರುಗಳಾದವು. ಹೋದ ಕಡೆಯೆಲ್ಲ ಮೊದಲ ಪಾಠ ನನ್ನ "ಅಳ್ಳಿಗೆ ಓಗಲ್ಲ." ಧರ್ಮಪುರಿಯ ವರಸೆಯ ಇಂಗ್ಲಿಷಿನಲ್ಲಿ ಕತೆ ಹೇಳಿ, ಕೊನೆಗೆ, ಆ ಕೂಸು ಅಂದದ್ದು ತಪ್ಪಲ್ಲ, ಶಾಲೆ ಅವಳ ಊರಾಗಬೇಕಿತ್ತು, ನಾವು ಮಾಡಿರಲಿಲ್ಲ, ಅಷ್ಟೇ ಅನ್ನುತ್ತಿದ್ದರಂತೆ. ಯಾವ ಯಾವ ದೇಶದಲ್ಲಿ ನನ್ನ ಮಾನ ಹರಾಜಾಗಿದೆಯೋ ನನಗೆ ಗೊತ್ತಿಲ್ಲ. ಹೆಮ್ಮೆಯೇ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ವಿಮಾನ ಹತ್ತುವಾಗ ಕಾಟನ್ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಚೀಲದಲ್ಲಿ ರಾಗಿ ಹಿಟ್ಟು. ಒಂದು ಏರ್‌ಪೋರ್ಟಿನಲ್ಲಿ ಹಿಟ್ಟಿನ ಪೊಟ್ಟಣ ಬಿಚ್ಚಿಸಿ ಇದೇನು ಎಂದು ಕೇಳಿದ್ದಕ್ಕೆ, ಸ್ವಲ್ಪ ಬಾಯಿಗೆ ಹಾಕಿಕೊಂಡು ತೋರಿಸಿ ಕೆಮ್ಮಿ ಕೆಮ್ಮಿ ಸುಸ್ತಾದರಂತೆ. ಆಮೇಲೆ ನೇಪಾಳದಲ್ಲೂ ಆಫ್ರಿಕಾದಲ್ಲೂ ಅಲ್ಲಿಯವರು ನಮ್ಮ ಹಾಗೇ ಹಿಟ್ಟು ತೊಳಸಿ ಉಣ್ಣುತ್ತಾರೆ ಎಂದು ತಿಳಿದ ಮೇಲೆ ಪೊಟ್ಟಣ ಕಟ್ಟುವುದು ನಿಂತಿತು. "ಇಟ್ಟು ಉಣ್ಣೋ ಊರೆಲ್ಲ ನೆಂಟ್ರೂರೇ ಕಣೇ. ಅಲ್ಲಿ ಮಕ್ಳು ನಮ್ ಮಕ್ಳಂಗೇ ಸುಮ್ನೆ ಕೂತಿರ್ತವೆ, ಅದೂ ಒಂದೇ" ಎಂದರು ಒಮ್ಮೆ. ಹೇಳುವಾಗ ನಗುತ್ತಿದ್ದವರು ಕೊನೆಯ ಮಾತಿಗೆ ಮುಖ ತಿರುಗಿಸಿಕೊಂಡರು.

ಒಂದು ಸಲ ಹೊರದೇಶದ ಶಿಕ್ಷಕರು ಸೇಲಂಗೆ ತರಬೇತಿಗೆ ಬಂದಿದ್ದರು. ಅಷ್ಟರಲ್ಲಿ ನಾನೂ ಟೀಚರಾಗಿದ್ದೆ, ಅಕ್ಕ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಆಫ್ರಿಕಾದ ಎತ್ತರದ ಮೇಷ್ಟರೊಬ್ಬರು ಎದ್ದು ನಿಂತು, ತಾನು ಓದುವಾಗ ಶಾಲೆಯಲ್ಲಿ ಮನೆಯ ಮಾತು ಆಡಿದವರ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರು ಎಂದರು. ಅಕ್ಕ ನನ್ನ ಕಡೆ ಬಗ್ಗಿ ಕನ್ನಡದಲ್ಲಿ, "ನಾವು ಕತ್ತಿಗೆ ಕಟ್ಟಲಿಲ್ಲ. ನಾಲಗೆಗೇ ಕಟ್ಟುಬುಟ್ಟೊ" ಎಂದರು.

ಮಧ್ಯಾಹ್ನದ ಪಾಠ ರದ್ದು. ಎಲ್ಲರನ್ನೂ ವ್ಯಾನಿಗೆ ಹತ್ತಿಸಿ ತಾರಮಂಗಲಂ ಗುಡಿಗೆ ಕರೆದುಕೊಂಡು ಹೋದರು. ಅಲ್ಲಿಯ ಕಂಬದಲ್ಲಿ ಒಂದು ಕಲ್ಲಿನ ಯಾಳಿ, ಸಿಂಹದ ಮುಖದ ಮೃಗ, ಇದೆ. ಬಾಯೊಳಗೆ ಕಲ್ಲಿನ ಗುಂಡು. ಬೆರಳು ಹಾಕಿದರೆ ಗುಂಡು ಉರುಳುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಎಲ್ಲರೂ ಶಿಲ್ಪಿಯ ಕೈಚಳಕ ನೋಡಿ ಬೆರಗಾದರು. ಅಕ್ಕ ಆ ಮೇಷ್ಟರ ಕೈ ಹಿಡಿದು ಗುಂಡು ಉರುಳಿಸಿದರು. "ನಿಮ್ಮ ಕ್ಲಾಸಿನಲ್ಲಿ ಸುಮ್ಮನೆ ಕೂತ ಮಗುವಿನ ಬಾಯಿ ಇದು. ಒಳಗೆ ಎಲ್ಲಾ ಇದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆ ಎತ್ತರದ ಮನುಷ್ಯ ಕಂಬಕ್ಕೆ ಹಣೆ ಹಚ್ಚಿ ಬಹಳ ಹೊತ್ತು ನಿಂತಿದ್ದರು.

ಸಿಟ್ಟೂ ಇತ್ತು. ಅದೇ ತರಬೇತಿಯಲ್ಲಿ ಮಾದರಿ ಪಾಠ ಮಾಡುತ್ತಿದ್ದ ಒಬ್ಬ ಎಳೆಯ ಟೀಚರು, ಕರೆಸಿದ್ದ ಮಕ್ಕಳು ತಿದ್ದಲಿ ಎಂದು ಆನೆಯ ಚಿತ್ರ ಹಿಡಿದು ಇದು ಹಸು ಎಂದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕೆಂದವು. ಅಕ್ಕ ಆ ಚಿತ್ರ ಕಿತ್ತುಕೊಂಡೇಬಿಟ್ಟರು. ಹೊರಗೆ ಬಂದ ಮೇಲೂ ನನ್ನ ಮುಂದೆ ಕುದಿಯುತ್ತಿದ್ದರು: "ಮಕ್ಳೇನು ಪೆದ್ದಾ? ನಾಟ್ಕ ಆಡಿದ್ರೆ ಗೊತ್ತಾಗಲ್ವಾ? ನಿಜವಾಗ್ಲೂ ತಿಳಿದೆ ಇರೋ ಜಾಗಕ್ಕೆ ಓಗ್ಬೇಕು. ಅವುಗಳ ಮಾತೊಳಿಕ್ಕೆ ಓಗು, ತಪ್ಪು ತಾನಾಗೇ ಬತ್ತದೆ."

ಕನ್ನಡದ ಅಕ್ಷರ ನಾವಿಬ್ಬರೂ ಕಲಿತದ್ದು ಧರ್ಮಪುರಿ ಬಸ್‌ಸ್ಟ್ಯಾಂಡಿನಲ್ಲಿ. ಬೆಂಗಳೂರಿನಿಂದ ಬರುವ ಬಸ್ಸಿನ ಬೋರ್ಡು ನೋಡಿ ಅಕ್ಕ ಒಂದೊಂದೇ ಅಕ್ಷರ ಬಿಡಿಸಿದರು. ಕಂಡಕ್ಟರನ್ನು ಅಡ್ಡಗಟ್ಟಿ "ಅಣ್ಣಾ, ಈ ಸುರುಳಿ ಏನು?" ಎಂದು ಕೇಳುವುದು, ಅವನು ನಮ್ಮ ಮಾತಿಗೆ ನಗುವುದು. ಆಮೇಲೆ ಹೊಸೂರಿನಿಂದ ಒಂದನೇ ಕ್ಲಾಸಿನ ಪುಸ್ತಕ ತಂದರು. ಅದರಲ್ಲಿ 'ಹಳ್ಳಿ' ಎಂಬ ಮಾತು ಕಂಡ ದಿನ ಅಕ್ಕ ಅದರ ಹಕಾರದ ಮೇಲೆ ಬೆರಳಿಟ್ಟರು. "ಲೇ, ಇಲ್ಲೊಂದು ಉಸಿರು ಐತೆ ಕಣೇ. ಇಷ್ಟು ದಿನ ನಾವು ಒಂದಕ್ಷರ ನುಂಗ್ಕೊಂಡೇ ಬದುಕಿದ್ದೀವಿ!" ನಾನು ಈಗ ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಆ ಬಸ್‌ಸ್ಟ್ಯಾಂಡಿನ ಋಣ.

ನಿವೃತ್ತಿಯಾಗಿ ಅದಿಯಮಾನ್‌ಕೋಟೆಗೆ ಬಂದು ನಿಂತ ಮೇಲೆ ಅಕ್ಕನಿಗೆ ಮಾತಿನ ಹಸಿವು. ಮದುವೆ ಮಕ್ಕಳು ಎಂದು ಕಟ್ಟಿಕೊಂಡವರಲ್ಲ. ಬೀದಿಯ ಮಕ್ಕಳನ್ನು ಕನ್ನಡದಲ್ಲಿ ಕರೆದರೆ ಅವು "ಎನ್ನ ಪಾಟ್ಟಿ?", ಏನಜ್ಜಿ ಎಂದು ತಮಿಳಿನಲ್ಲೇ ಕೇಳುತ್ತಿದ್ದವು. ತಪ್ಪು ಅವುಗಳದಲ್ಲ, ಅವುಗಳ ಅಪ್ಪ ಅಮ್ಮಂದಿರೇ ಮನೆಯಲ್ಲಿ ತಮಿಳಿಗೆ ಹೊರಳಿದ್ದರು. "ಊರೂರು ತಿರುಗಿ ಮನೆ ಮಾತು ಬುಡಬೇಡ್ರಿ ಅಂದು ಬಂದೆ. ನಮ್ಮೂರಲ್ಲಿ ನನ್ ಕೂಟೆ ಕನ್ನಡದಲ್ಲಿ ಜಗಳ ಆಡಾಕೂ ಒಬ್ರಿಲ್ಲ" ಎಂದು ನಕ್ಕರು. ಆ ನಗು ನನಗೆ ಸಹಿಸಲಾಗಲಿಲ್ಲ. ಅಂದಿನಿಂದ ಸಂಜೆ ಫೋನು ಬಂದರೆ ಬೇಕೆಂದೇ ಜಗಳ ತೆಗೆಯುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು.

ಕೊನೆಯ ಫೋನಿನಲ್ಲಿ ಜಗಳ ಇರಲಿಲ್ಲ. ಒಡಿಶಾದ ಆ ಹುಡುಗಿಯ ಹೆಸರು ಕುನಿ ಎಂದು ಹೇಳಿದೆ. ತಮಿಳಿನಲ್ಲಿ ಕುನಿ ಎಂದರೆ ಬಗ್ಗು. ನಾನು ಹಾಜರಿ ಕರೆಯುವಾಗ ಕುನಿ ಎಂದ ಕೂಡಲೇ ಇಡೀ ಕ್ಲಾಸು ನಗುತ್ತಾ ಬಗ್ಗುತ್ತದೆ, ಆ ಕೂಸು ಮಾತ್ರ ನೆಟ್ಟಗೆ ಕೂತು ಗೋಡೆ ನೋಡುತ್ತದೆ ಎಂದೆ. ಅಕ್ಕ ಅಂದರು:

"ಕುನಿ ಅಂದ್ರೆ ಬಗ್ಗು ಅಂತ ತಾನೆ? ಸರಿಯಾಗೇ ಐತಲ್ಲ ಎಸರು. ನೀನು ಬಗ್ಗು ಕಣೇ."

ಆ ಮಾತು ಹೇಳಿಯೇ ಸೋಮವಾರ ಬರುತ್ತೇನೆ ಎಂದದ್ದು.

ಅಕ್ಕನ ಮಣ್ಣಿಗೆ ಹೋಗಿ ಬಂದ ಮೇಲೆ ನಾನು ಕುನಿಯ ಮುಂದೆ ಏನೇನೋ ಆಟ ಕಟ್ಟಿದೆ. ತಪ್ಪು ತಪ್ಪು ಹೇಳಿದೆ, ತಲೆಕೆಳಗಾಗಿ ಪುಸ್ತಕ ಹಿಡಿದೆ. ಅವಳು ನನ್ನನ್ನು ನೋಡಿದ ರೀತಿ ಕಂಡು ನಾಚಿಕೆಯಾಯಿತು. ಅಕ್ಕ ಇದ್ದಿದ್ದರೆ ಪುಸ್ತಕ ಕಿತ್ತುಕೊಳ್ಳುತ್ತಿದ್ದರು. ಮಾರ್ಗಳಿ ತಿಂಗಳು ಕಳೆಯುತ್ತಾ ಬಂದಿತ್ತು, ಪೊಂಗಲ್ ರಜೆ ಬಾಗಿಲಲ್ಲಿತ್ತು.

ಕೊನೆಗೆ ಶಾಲೆ ಬಿಟ್ಟ ಮೇಲೆ ಕಾರ್ಖಾನೆಗೆ ಹೋದೆ. ಅಂಗಳದ ತುಂಬ ಬಿಳಿ ಹಿಟ್ಟು ಒಣಗುತ್ತಿತ್ತು, ಅವ್ವನ ಸೀರೆಯ ಅದೇ ಹುಳಿ ವಾಸನೆ. ಹೆಂಗಸರು ಸಾಲಾಗಿ ಕೂತು ಗೆಣಸು ಹೆರೆಯುತ್ತಿದ್ದರು. ಕುನಿಯ ತಾಯಿಯ ಪಕ್ಕ ಕೂತು ನಾನೂ ಒಂದು ಕತ್ತಿ ತೆಗೆದುಕೊಂಡೆ. ಅವಳಿಗೆ ನನ್ನ ಮಾತು ತಿಳಿಯದು, ನನಗೆ ಅವಳದು. ಕತ್ತಿ, ಗೆಣಸು, ಬೆರಳು ತೋರಿಸುತ್ತಾ ಹೋದೆವು. ತಗಡಿನ ಗೋಡೆಯ ಮೇಲೆ ಒಂದು ಹಲ್ಲಿ ಇತ್ತು. ಅದನ್ನು ತೋರಿಸಿದೆ. ಅವಳು ತನ್ನ ಮಾತಿನಲ್ಲಿ ಅದರ ಹೆಸರು ಹೇಳಿದಳು. ನಾನು ಅಂದೆ. ಒಡಿಶಾ ಕಡೆಯ ಹೆಂಗಸರೆಲ್ಲ ಕತ್ತಿ ಇಟ್ಟು ನಕ್ಕರು. ಯಾಕೆ ನಕ್ಕರು ಎಂದು ನನಗೆ ತಿಳಿಯಲಿಲ್ಲ, ಸರಿಯಾಗಿಯೇ ಅಂದೆ ಎಂದುಕೊಂಡು ಮನೆಗೆ ಬಂದೆ.

ಮಾರನೆಯ ದಿನ ಹಾಜರಿಯಲ್ಲಿ ಕುನಿಯ ಹೆಸರು ಬಂದಾಗ ಕುರ್ಚಿಯಿಂದ ಕರೆಯಲಿಲ್ಲ. ಎದ್ದು ಅವಳ ಮುಂದೆ ಹೋಗಿ, ಮಂಡಿ ನೋಯುತ್ತಿದ್ದರೂ ಕುಕ್ಕರಗಾಲಲ್ಲಿ ಕೂತೆ. "ಕುನಿ" ಎಂದೆ. ಮಕ್ಕಳು ಬಗ್ಗಿದವು. ಬಗ್ಗಿದರೆ ಟೀಚರು ತಮಗಿಂತ ಕೆಳಗಿದ್ದಾರೆ. ನಗು ಅಲ್ಲಲ್ಲೇ ನಿಂತಿತು. ನಾನು ಟ್ಯೂಬ್‌ಲೈಟಿನ ಪಕ್ಕದ ಹಲ್ಲಿ ತೋರಿಸಿದೆ.

"ಪಲ್ಲಿ!" ಎಂದು ಕೂಗಿದವು ಮಕ್ಕಳು.

"ಕುನಿ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ ಗೊತ್ತಾ?" ಎಂದು ತಮಿಳಿನಲ್ಲಿ ಕೇಳಿದೆ. ಆಮೇಲೆ ಬಹಳ ಧೈರ್ಯದಿಂದ "ಸಿಟಿಪಿಟಿ" ಎಂದೆ.

ಕುನಿಯ ಹುಬ್ಬು ಗಂಟಿಕ್ಕಿತು. ಗೋಡೆಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದಳು. ತುಟಿ ಅಲುಗಿತು. "ಝಿಟಿಪಿಟಿ."

"ಜಿಟಿಪಿಟಿ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. ಇಷ್ಟು ದೊಡ್ಡವಳಿಗೆ ಇಷ್ಟೂ ಬರುವುದಿಲ್ಲವಾ ಎಂಬ ಮುಖ. ನನ್ನ ಕೈ ಎಳೆದುಕೊಂಡು, ಅಂಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದಳು. "ಝಿ!"

ಅಂಗೈಗೆ ಬೆಚ್ಚಗೆ ಉಸಿರು ತಾಗಿತು. ಅಕ್ಕ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದ ಉಸಿರು ಅದೇ, ನಾವು ನುಂಗಿಕೊಂಡು ಬಂದದ್ದು. ನಾನು ಮತ್ತೆ ಮತ್ತೆ ಹೇಳಿದೆ, ಅವಳು ಮತ್ತೆ ಮತ್ತೆ ತಿದ್ದಿದಳು. ಕ್ಲಾಸಿನ ಮಕ್ಕಳೆಲ್ಲ ಅಂಗೈ ಮುಂದೆ ಹಿಡಿದುಕೊಂಡು ಉಫ್ ಉಫ್ ಎಂದು ಉಸಿರು ಬಿಡತೊಡಗಿದವು, ಕುನಿ ಒಬ್ಬೊಬ್ಬರ ಬಳಿ ಹೋಗಿ ಇಲ್ಲ, ಇಲ್ಲ ಎಂದು ತಲೆ ಆಡಿಸಿದಳು. ಗಲಾಟೆ ಕೇಳಿ ಬಂದ ಹೆಡ್‌ಮಾಸ್ಟರೂ ಬಾಗಿಲಲ್ಲಿ ನಿಂತು ಒಮ್ಮೆ ಹೇಳಿ ನೋಡಿದರು. ಅವರಿಗೂ ಬರಲಿಲ್ಲ.

ರಜೆಗೆ ಮುಂಚಿನ ದಿನ ಅವಳ ಅಪ್ಪ ಗೇಟಿನ ಹತ್ತಿರ ಬಂದ. ಕಲಿತಷ್ಟು ತಮಿಳು ಕೂಡಿಸಿಕೊಂಡು, ಕೈಮುಗಿದು, "ಪೊಂಗಲ್ ಮುಡಿಂಜು, ಪಲ್ಲಿ ವರುಂ" ಎಂದ. ಪೊಂಗಲ್ ಮುಗಿದ ಮೇಲೆ ಹಲ್ಲಿ ಬರುತ್ತದೆ! ನಾನು ನಗು ತಡೆದುಕೊಳ್ಳುವಷ್ಟರಲ್ಲಿ ಕುನಿ ಅವನ ಅಂಗಿ ಜಗ್ಗಿದಳು. "ಪಳ್ಳಿ" ಎಂದಳು, ನಾಲಗೆ ಮಡಿಸಿ, ಸ್ಪಷ್ಟವಾಗಿ. ರಜೆ ಮುಗಿದ ಬೆಳಿಗ್ಗೆ ಅವಳು ಬಂದಳು.

ಆದರೆ ನಾನು ಹೇಳಬೇಕಾದದ್ದು ಆ ಮೊದಲ ಸಂಜೆಯದು, ಅವಳು ನನ್ನ ಅಂಗೈಗೆ ಉಸಿರು ಬಿಟ್ಟ ದಿನದ್ದು. ಶಾಲೆ ಬಿಟ್ಟು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಅಕ್ಕ ಫೋನು ಮಾಡುವ ಹೊತ್ತು. ಆ ಪ್ರಶ್ನೆಗೆ ಎಷ್ಟು ದಿನ ಉತ್ತರವಿಲ್ಲದೆ ತಡವರಿಸಿದ್ದೇನೆ, ಎಷ್ಟು ಸಲ ಬೈಸಿಕೊಂಡಿದ್ದೇನೆ. ಅವತ್ತು ನನ್ನ ಹತ್ತಿರ ಉತ್ತರ ಇತ್ತು. ಕೇಳುವವರು ಇರಲಿಲ್ಲ. ಅಕ್ಕಾ, ಒಂದೇ ಒಂದು ಸಲ ಕೇಳಿಬಿಡಿ ಎಂದು ಆಸೆ ಉಕ್ಕಿ ಬಂತು.

ಯಾರೂ ಕೇಳಲಿಲ್ಲ. ಪಕ್ಕದಲ್ಲಿ ನಿಂತ ಹೆಂಗಸು ತಿರುಗಿ ನೋಡಿದರೂ ಪರವಾಗಿಲ್ಲ ಎಂದು, ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ನಮ್ಮ ಮಾತಿನಲ್ಲಿ ನಾನೇ ಹೇಳಿದೆ:

"ಇವತ್ತು ಒಬ್ಳು ತಿದ್ದವ್ಳೆ ಕಣಕ್ಕಾ."